ಕರಾವಳಿ ದೆವ್ವದ ಮಾತು ತಿಳೀತೈತಿ, ನಮ್ಮ ಮಾತು ಮಾತ್ರ ನಗಸಾಕಷ್ಟ ಯಾಕ? (ಇತ್ತೀಚಿಗೆ ನೋಡಿದ ಪಿಚ್ಚರ್ ಬಗ್ಗೆ)

ಕೊಪ್ಪಿಕರ್ ರಸ್ತೆ, ಹುಬ್ಬಳ್ಳಿ

ಮೊದಲ ಹೇಳಿಬಿಡ್ತೇನಿ, ನಾ ವಿಮರ್ಶಕ ಅಲ್ಲ. ಹಾರ್ಡ್‌ವೇರ್ ಅಂಗಡ್ಯಾಗ ಲೆಕ್ಕ ಬರಿಯಾಂವ. ಐತವಾರ ಅಂಗಡಿ ಬಂದ್, ನಾಕು ಮಂದಿ ಚೊಲೋ ಐತಿ ಅಂದ್ರ ಟಾಕೀಜಿಗೆ ಹೋಗ್ತೇನಿ. ತಿಂಗಳಿಗೆ ಒಂದು ಆದ್ರ ಭಾಳ ಆತು. ಈ ಮೂರ್ನಾಕು ವರ್ಷದಾಗ ನೋಡಿದ್ದರಾಗ ನೆನಪ ಉಳದಿದ್ದು ಬರೀತೇನಿ, ಬೈಯಾವ್ರು ಆರಾಮ ಬೈರಿ.

ಕೆಜಿಎಫ್ 2 (2022ರ ಏಪ್ರಿಲ್). ಗೆಳ್ಯಾರ ಜೋಡಿ ಶಿಳ್ಳಿ ಹೊಡದೇನಿ, ಸುಳ್ಳು ಯಾಕ ಹೇಳ್ಲಿ. ಆ ‘ದೊಡ್ಡಮ್ಮ’ ಮಷಿನ್ ಗನ್ನಿನ ಕಾದ ನಳಿಗೀಲೆ ಸಿಗರೇಟ್ ಹಚ್ಚೂದು ಇನ್ನೂ ಕಣ್ಣಮುಂದ ಐತಿ. ಮರುದಿನ ಅಂಗಡ್ಯಾಗ ಮಾಲಕರು ‘ಕಥಿ ಏನಲೇ’ ಅಂತ ಕೇಳಿದ್ರು. ಹೇಳಾಕ ಬರಲಿಲ್ಲ. ಎರಡು ದಿನ ಕಿವ್ಯಾಗ ಗುಂಯ್ ಅಂತಿತ್ತು.

ಕಾಂತಾರ (ಅದ 2022, ಸೆಪ್ಟೆಂಬರ್ ಕಡೀಕ ಬಂತು). ಅವ್ವನ ಕರ್ಕೊಂಡು ಹೋಗಿದ್ದೆ. ಅವ್ವ ಟಾಕೀಜಿಗೆ ಬಂದು ಹತ್ತು ವರ್ಷದ ಮ್ಯಾಲಾಗಿತ್ತು. ಕಡೀ ಇಪ್ಪತ್ತು ನಿಮಿಷ, ಗುಳಿಗ ದೈವ ಮೈಮ್ಯಾಲೆ ಬಂದಾಗ, ಬಾಜೂಕ ನೋಡ್ತೇನಿ, ಅವ್ವ ಚಪ್ಪಲಿ ಕಳದು ಕುರ್ಚಿ ಕೆಳಗ ಸರಿಸಿ, ಕಾಲು ಮ್ಯಾಲೆ ಮಡಚಿ, ಕೈ ಮುಗದು ಕುಂತಾಳ. ಮುಂದಿನ ಸಾಲಿನ್ಯಾಗ ಕಾಲೇಜ್ ಹುಡುಗೂರು ಅಲ್ಲೀತನಕ ಗದ್ದಲ ಹಾಕ್ಯಾವ, ಅವೂ ಗಪ್. ಲೈಟ್ ಹತ್ತಿದ ಮ್ಯಾಲೆ ನೋಡಿದ್ರ ಒಂದು ಚಪ್ಪಲಿ ಇಲ್ಲ. ಮೊಬೈಲ್ ಬ್ಯಾಟರಿ ಹಚ್ಚಿ ಹುಡಕಿದ್ವಿ. ನಾಕು ಸಾಲು ಕೆಳಗ ಸಿಕ್ಕಿತು.

ಸಪ್ತ ಸಾಗರದಾಚೆ ಎಲ್ಲೋ, ಮೊದಲನೇ ಭಾಗ. ಚೊಲೋ ಐತಿ, ಆದ್ರ ನಡು ಒಂದು ಹತ್ತು ನಿಮಿಷ ನಿದ್ದಿ ಹತ್ತಿತು. ಎರಡನೇದಕ್ಕ ಹೋಗಲಿಲ್ಲ.

ಸು ಫ್ರಂ ಸೋ (2025ರ ಜುಲೈ). ಇದರ ಬಗ್ಗೆನ ಇಷ್ಟೆಲ್ಲಾ ಬರಿಯಾಕತ್ತೇನಿ. ಅರ್ಧ ಮಾತು ತಿಳೀಲಿಲ್ಲ. ಆದ್ರೂ ಹೊಟ್ಟಿ ಹಿಡಕೊಂಡು ನಕ್ಕೇನಿ. ಆ ರವಿಯಣ್ಣ ಅದಾನಲ್ಲ, ಮದವಿ ಇರ್ಲಿ ಮಣ್ಣಿರ್ಲಿ ಎಲ್ಲಾದಕ್ಕೂ ಮುಂದ ನಿಲ್ಲಾಂವ, ಅಂಥಾಂವ ನಮ್ಮ ಓಣ್ಯಾಗೂ ಒಬ್ಬ ಅದಾನ. ಹೆಸರು ಬ್ಯಾರೆ, ಲುಂಗಿ ಬದಲಿ ಪಾಯಜಾಮಾ, ಅಷ್ಟ ಫರಕು.

ಕಾಂತಾರ ಅಧ್ಯಾಯ 1 (2025ರ ಅಕ್ಟೋಬರ್ 2). ಖರ್ಚು ಕಾಣಸ್ತೈತಿ. ಎರಡೂಮುಕ್ಕಾಲು ತಾಸಿನ ಮ್ಯಾಲೆ ಐತಿ, ಬೆನ್ನೂ ಕಾಣಸ್ತೈತಿ. ಅವ್ವ ಈ ಸಲ ಚಪ್ಪಲಿ ಕಳೀಲಿಲ್ಲ.

ಈಗ ನನ್ನ ಪ್ರಶ್ನಿ. ಕುಂದಾಪುರದ ಮಾತು, ಮಂಗಳೂರಿನ ಮಾತು ಕೇಳಿ ಹುಬ್ಬಳ್ಳ್ಯಾಗ ನಾವು ಅಳ್ತೇವಿ, ನಗ್ತೇವಿ. ನಮ್ಮ ಮಾತು ಪರದೆ ಮ್ಯಾಲೆ ಬಂದ್ರ ಒಂದೋ ರೌಡಿ, ಒಂದೋ ಹೀರೋನ ಹಿಂದ ಚೀಲ ಹೊತ್ಕೊಂಡು ಅಡ್ಡಾಡೋ ಕಾಮಿಡಿಯಾಂವ. ‘ಏನಲೇ ಮಗನ’ ಅಂದ್ರ ಉತ್ತರ ಕರ್ನಾಟಕ ಮುಗೀತು. ಯಾಕ?

ಸಪ್ತಾಪುರ ರೂಮ್ ನಂಬರ್ 4

ಅಣ್ಣಾ, ಎಲ್ಲಾ ಒಪ್ಪಿದೆ, ಸಪ್ತ ಸಾಗರಕ್ಕ ನಿದ್ದಿ ಹತ್ತಿತು ಅಂದಿದ್ದು ಒಪ್ಪೂದಿಲ್ಲ. ನಾ ಇಲ್ಲೆ ಧಾರವಾಡದ ಸಪ್ತಾಪುರದಾಗ ಪಿಎಸ್‌ಐ ಪರೀಕ್ಷಾಕ್ಕ ಓದಾಕ ಬಂದು ಮೂರನೇ ವರ್ಷ. ಮಾಲಕನ ಕೇಸು ತನ್ನ ಮ್ಯಾಲೆ ಹಾಕ್ಕೊಂಡು ಜೈಲಿಗೆ ಹೋಗ್ತಾನಲ್ಲ ಮನು, ರೊಕ್ಕ ಸಿಗ್ತೈತಿ, ಮನಿ ಆಗ್ತೈತಿ, ಪ್ರಿಯಾ ಕಾಯ್ತಾಳ ಅಂತ. ಕಾಯೂದು ಅಂದ್ರ ಏನು ಅಂತ ಸಪ್ತಾಪುರದ ಹುಡುಗೂರ್ನ ಕೇಳ್ರಿ. ನಮ್ಮ ರೂಮಿನ ನಾಕೂ ಮಂದಿ ಶೋ ಮುಗದ ಮ್ಯಾಲೆ ಕಲಾಭವನದ ಮುಂದ ಚಾ ಕುಡ್ಯಾಕ ನಿಂತ್ವಿ, ಯಾರೂ ಮಾತಾಡ್ಲಿಲ್ಲ. ಒಬ್ಬಾಂವ ಊರಿಗೆ ಫೋನ್ ಹಚ್ಚಿದ.

ಒಂದು ತಕರಾರು ಐತಿ. ಜೈಲಿನ ಸೀನುಗಳು ನಮ್ಮ ಟಾಕೀಜಿನ್ಯಾಗ ಕಪ್ಪಂದ್ರ ಕಪ್ಪ. ಮುಖ ಕಾಣಲಿಲ್ಲ. ಮುಂದ ಮೊಬೈಲ್‌ನ್ಯಾಗ ನೋಡಿದಾಗ ಗೊತ್ತಾತು, ಅಲ್ಲೆ ಗ್ವಾಡಿ ಮ್ಯಾಲೆ ಬಣ್ಣ ಐತಿ ಅಂತ.

ಪ್ರೊಜೆಕ್ಟರ್ ಕಾಕಾ, ಗದಗ

ತಮ್ಮಾ, ಅದು ಡೈರೆಕ್ಟರ್ ತಪ್ಪಲ್ಲ. ನಾ ಗದಗಿನ್ಯಾಗ ಮೂವತ್ತು ವರ್ಷ ಆಪರೇಟರ್ ಇದ್ದೆ. ಪ್ರೊಜೆಕ್ಟರಿನ ಬೆಳಕಿಗೆ ಕಾರ್ಬನ್ ಕಡ್ಡಿ ಹಚ್ಚೂ ಕಾಲದಿಂದ ಝೆನಾನ್ ಬಲ್ಬಿನತನಕ. ಆ ಬಲ್ಬಿಗೆ ಇಷ್ಟು ತಾಸು ಅಂತ ಆಯುಷ್ಯ ಇರ್ತೈತಿ. ಹೊಸಾದು ತುಟ್ಟಿ. ಆಯುಷ್ಯ ಮುಗದ ಮ್ಯಾಲೂ ಎಳೀತಾರ, ಇಲ್ಲಂದ್ರ ಕರೆಂಟ್ ಇಳಿಸಿ ಓಡಸ್ತಾರ. ಬಿಸಲಾಗ ತಗದ ಪಿಚ್ಚರ್ ಆದ್ರ ಗೊತ್ತಾಗೂದಿಲ್ಲ. ಕತ್ತಲ್ಯಾಗ ತಗದಿದ್ದು ಬಂತಂದ್ರ ಬಣ್ಣ ಬಯಲಾಗ್ತೈತಿ.

ಕೊಪ್ಪಿಕರ್ ರಸ್ತೆಯವ್ರ ಕಿವಿ ಗುಂಯ್ ಅಂದದ್ದೂ ಇಂಥಾದ್ದ. ಸೌಂಡಿನ ಡಾಲ್ಬಿ ಪೆಟ್ಟಿಗಿ ಮ್ಯಾಲೆ 7 ಅಂತ ಒಂದು ಗುರ್ತು ಐತಿ, ಸ್ಟುಡಿಯೋದಾಗ ಆ ಮಟ್ಟಕ್ಕ ಕೇಳಿ ಮಿಕ್ಸ್ ಮಾಡಿರ್ತಾರ. ಈಗಿನ ಪಿಚ್ಚರ್ 7ಕ್ಕ ಇಟ್ರ ಕುಂತ ಮಂದಿ ಎದ್ದು ಬರ್ತಾರ. ಮ್ಯಾನೇಜರ್ 5ಕ್ಕ ಇಳಸು ಅಂತಾನ. ಇಳಿಸಿದ್ರ ಹೊಡದಾಟ ಸರಿಹೋಗ್ತೈತಿ, ಆದ್ರ ತಾಯಿ ಮಗನ ಮಾತು ಪಿಸಪಿಸ ಆಗ್ತೈತಿ. ‘ಒಂದೂ ಮಾತು ಕೇಳ್ಸಲಿಲ್ಲ, ಬರೇ ಸೌಂಡು’ ಅಂತ ನೀವು ಅಂತೀರಿ. ಎರಡೂ ಖರೇನ.

ಉಣಕಲ್ ಕೆರಿ ದಂಡಿ

ನಾನೂ ಒಂದು ಮಾತು ಹಾಕ್ತೇನಿ. ಭಾಷಾ, ಬಲ್ಬು ಎಲ್ಲಾ ಗಂಡಸರ ಚರ್ಚೆ. ನಮ್ಮನ್ಯಾಗ ನಾಕು ಮಂದಿ. ಗೋಕುಲ ರಸ್ತೆ ಕಡೆ ಮಾಲಿಗೆ ಹೋದ್ರ ಟಿಕೀಟು, ಪಾಪ್‌ಕಾರ್ನ್, ಆಟೋ ಹಿಡದು ಒಂದೂವರಿ ಸಾವಿರ ಕೈಬಿಡ್ತೈತಿ. 2025ರ ಸೆಪ್ಟೆಂಬರ್‌ನ್ಯಾಗ ಸರ್ಕಾರ 200 ರೂಪಾಯಿ ಮಿತಿ ಅಂತು, ನಾ ಖುಷಿಲೆ ಅಧ್ಯಾಯ 1ಕ್ಕ ಎಲ್ಲಾರ್ನೂ ಕರ್ಕೊಂಡು ಹೋಗೂಣು ಅಂದಿದ್ದೆ. ಎರಡು ವಾರ ತುಂಬೂದ್ರೊಳಗ ಹೈಕೋರ್ಟ್ ತಡಿ ಕೊಟ್ತು. ಅದ ತಿಂಗಳ 22ರಿಂದ ನೂರು ರೂಪಾಯಿ ಒಳಗಿನ ಟಿಕೀಟಿಗೆ ಜಿಎಸ್‌ಟಿ 12ರಿಂದ 5ಕ್ಕ ಇಳೀತು ಅಂತ ಪೇಪರಿನ್ಯಾಗ ಓದಿದೆ. ನೂರು ರೂಪಾಯಿ ಒಳಗಿನ ಟಿಕೀಟು ಆ ಮಾಲಿನ್ಯಾಗ ಎಲ್ಲಿ ಮಾರ್ತಾರ ಯಾರರ ತೋರಸ್ರಿ. ಅದರ ಮ್ಯಾಲಿನದಕ್ಕ ಹಳೇ 18.

ಹಿಂಗಾಗಿ ನಮ್ಮನ್ಯಾಗ ಲೆಕ್ಕ ಬ್ಯಾರೆ. ಪಿಚ್ಚರ್ ಮಕ್ಕಳಿಗೆ ಆಗ್ತೈತೋ, ಮಾವನವ್ರು ಕುಂಡ್ರತಾರೋ, ಎರಡಕ್ಕೂ ಹೌದು ಅಂದ್ರ ಮಾತ್ರ ಟಾಕೀಜು. ಆ ಲೆಕ್ಕದಾಗ ಪಾಸಾಗಿದ್ದು 777 ಚಾರ್ಲಿ, ಸು ಫ್ರಂ ಸೋ. ಚಾರ್ಲಿ ನೋಡಿ ಬಂದ ಮ್ಯಾಲೆ ಸಣ್ಣಾಂವ ಓಣ್ಯಾಗಿನ ನಾಯಿಗೆಲ್ಲಾ ರೊಟ್ಟಿ ಹಾಕಾಕತ್ತು ನಮ್ಮ ಬಾಗಲದಾಗ ಈಗ ಆರು ನಾಯಿ ಅದಾವ. ಅದರ ಖರ್ಚು ಯಾರು ಕೊಡ್ತಾರ?

ಬ್ಯಾಡಗಿ ಖಾರ, ಹಾವೇರಿ ಜಿಲ್ಲಾ

ಕಾಟೇರ ಬಿಟ್ರಲ್ಲ. 2023ರ ಡಿಸೆಂಬರ್ ಕಡೀಕ ಬಂದದ್ದು. ಹೊಡದಾಟ ಎಷ್ಟ ಇರ್ಲಿ, ಅದರಾಗ ಉಳುವವನ ಭೂಮಿ ವಿಷಯ ಐತಿ. ನಮ್ಮಜ್ಜ 1974ರ ಭೂಸುಧಾರಣಾ ಕಾನೂನು ಬಂದ ಮ್ಯಾಲೆ ಫಾರಂ ನಂಬರ್ 7 (ಗೇಣಿದಾರರ ಅರ್ಜಿ) ತುಂಬಿ ಟ್ರಿಬ್ಯುನಲ್ಲಿಗೆ ಅಡ್ಡಾಡಿದಾಂವ. ಮೂರು ಎಕರೆ ಆದ್ವು. ಮೆಣಸಿನಕಾಯಿ ಅದರಾಗ ಬೆಳೀತೇವಿ ಈಗ. ಪಿಚ್ಚರಿನ್ಯಾಗ ಹೀರೋ ಕುಲುಮೆ ಕೆಲಸದಾಂವ, ಮಚ್ಚು ಬಡೀತಾನ, ಆ ಮಚ್ಚಿಲೆನ ಬಿಡಿಸ್ತಾನ. ನಮ್ಮಜ್ಜ ಮಚ್ಚು ಹಿಡೀಲಿಲ್ಲ, ಬುತ್ತಿ ಕಟಗೊಂಡು ತಾಲೂಕು ಕಚೇರಿಗೆ ಹೋಗಿ ಮುಂಜಾನಿಂದ ಸಂಜೀತನಕ ಕುಂಡ್ರತಿದ್ದ. ಅದನ್ನ ತಗದ್ರ ಯಾರು ನೋಡ್ತಾರ ಅಂತೀರಿ? ನಾ ನೋಡ್ತೇನಿ.

ಭಾಷಾ ವಿಷಯಕ್ಕ ಬಂದ್ರ 2023ರ ಆಗಸ್ಟ್‌ನ್ಯಾಗ ಕ್ಷೇತ್ರಪತಿ ಅಂತ ಬಂದಿತ್ತು. ನವೀನ್ ಶಂಕರ್ ಹೀರೋ, ರೈತರ ಕಥಿ, ಪೂರಾ ನಮ್ಮ ಕಡೆ ಮಾತು. ರೌಡಿ ಅಲ್ಲ, ಕಾಮಿಡಿ ಅಲ್ಲ. ನಮ್ಮ ಊರಿಂದ ಎಂಟು ಮಂದಿ ಟಂಟಂ ಮಾಡ್ಕೊಂಡು ಹೋದ್ವಿ. ಒಳಗ ನಾವ ಎಂಟು, ಹೊರಗಿನವ್ರು ಒಂದು ಇಪ್ಪತ್ತು ಇದ್ದಾರು. ಕೊಪ್ಪಿಕರ್ ರಸ್ತೆ ಅಣ್ಣಾ, ನೀವು ಎಲ್ಲಿದ್ರಿ ಅವತ್ತ?

ಕೊಪ್ಪಿಕರ್ ರಸ್ತೆ, ಹುಬ್ಬಳ್ಳಿ

ಹೋಗಿರಲಿಲ್ರಿ. ತಪ್ಪಾತು. ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

ಆದ್ರ ಕರಟಕ ದಮನಕ ನೋಡೇನಿ (2024ರ ಮಾರ್ಚ್). ‘ಹಿತ್ತಲಕ ಕರಿಬ್ಯಾಡ’ ಹಾಡಿಗೆ ಟಾಕೀಜಿನ್ಯಾಗ ಕುಣದಾರ, ಈಗೂ ಯಾವ ಮದವಿ ಬ್ಯಾಂಡಿನ್ಯಾಗರ ಅದ ಇರ್ತೈತಿ. ಹಾಡಿನ್ಯಾಗ ಇದ್ದ ನಮ್ಮತನ ಮಾತಿನ್ಯಾಗ ಬರಲಿಲ್ಲ ಅಂತ ನನಗ ಅನಸ್ತು. ಬೆಂಗಳೂರಾಗ ಕುಂತು ಬರದ್ರ ಹಂಗ. ‘ಐತಿ’, ‘ಹೋಗ್ಯಾನ’ ಅಂತ ಕಡೀ ಅಕ್ಷರ ತಿರುವಿದ್ರ ನಮ್ಮ ಮಾತು ಆಗೂದಿಲ್ಲ.

ಬ್ಯಾಡಗಿ ಖಾರ, ಹಾವೇರಿ ಜಿಲ್ಲಾ

ನಿಂದರ್ರಿ, ನಿಂದರ್ರಿ. ಅದರ ಡೈರೆಕ್ಟರ್ ಯೋಗರಾಜ್ ಭಟ್ರು ನಮ್ಮ ಹಾನಗಲ್ ತಾಲೂಕಿನ ತಿಳವಳ್ಳಿಯವ್ರು. ಬೆಂಗಳೂರಾಗ ಕುಂತು ಅಂತ ಹೆಂಗ ಅಂತೀರಿ?

ಮಾಳಮಡ್ಡಿ, ಧಾರವಾಡ

ಇಬ್ಬರೂ ಅರ್ಧ ಸರಿ ಇದ್ದೀರಿ. ತಿಳವಳ್ಳಿ ಅಂದ್ರ ಮಲೆನಾಡಿನ ಸೆರಗು. ಅಲ್ಲಿಂದ ಸೊರಬ, ಶಿರಸಿ ಹತ್ತರ. ಅಲ್ಲೀ ಮಾತು ಗದಗಿನ ಮಾತಲ್ಲ, ರಾಣೆಬೆನ್ನೂರಿನ ಮಾತು ಹುಬ್ಬಳ್ಳಿದಲ್ಲ. ನಮ್ಮ ಮಾಳಮಡ್ಡ್ಯಾಗ ‘ಅದ’ ಅಂತೇವಿ, ಎರಡು ಮೈಲು ಆಚೆ ‘ಐತಿ’ ಅಂತಾರ. ‘ನಮ್ಮ ಭಾಷಾ’ ಅಂತ ಒಂದ ಗಂಟು ಕಟ್ಟಿದ ಕೂಡಲೇ ನಾವೂ ಬೆಂಗಳೂರಿನವರ ತಪ್ಪನ್ನ ಮಾಡಿದ್ಹಂಗ ಆತು. ಇನ್ನೊಂದು, ಆ ಸಿನಿಮಾದಾಗ ಹೀರೋಗಳು ಹೊರಗಿಂದ ಊರಿಗೆ ಬಂದ ಕಳ್ಳರು. ಅವರ ಮಾತು ನಮ್ಮಂಗ ಇರದಿದ್ರ ಅದು ಕಥೆಗೆ ಸರಿನ ಅದ.

ನಾ ಇಷ್ಟು ವರ್ಷದಾಗ ಪರದೆ ಮ್ಯಾಲೆ ನಮ್ಮ ಮಾತು ಸರಿಯಾಗಿ ಕೇಳಿದ್ದು ನಾಗಮಂಡಲದಾಗ. 1997, ನಾಗಾಭರಣ ಅವರದ್ದು. ಮೂಲ ಕಾರ್ನಾಡರ ನಾಟಕ. ಹಾಡೆಲ್ಲಾ ಗೋಪಾಲ ಯಾಜ್ಞಿಕರು ಬರದದ್ದು, ಅಶ್ವಥ್ ಸಂಗೀತ. ಅಲ್ಲಿ ನಾಯಕಿ ರಾಣಿ ನಮ್ಮ ಮಾತಿನಾಗ ಅಳತಾಳ, ಹೆದರತಾಳ, ಪ್ರೀತಿ ಮಾಡತಾಳ. ನಗಸಾಕ ಅಂತ ಅಲ್ಲ. ಕೊಪ್ಪಿಕರ್ ರಸ್ತೆಯವರ ಪ್ರಶ್ನೆಗೆ ನನ್ನ ಉತ್ತರ ಇಷ್ಟ: ಬರಿಯಾಂವ ಯಾವ ಊರಾಂವ ಅನ್ನೋದಕ್ಕಿಂತ, ಪಾತ್ರ ಆ ಮಾತಿನಾಗ ಒಬ್ಬಾಕಿನ ಕುಂತು ಅಳಬಹುದೋ ಇಲ್ಲೋ ನೋಡ್ರಿ.

ಕುಂದಾಪ್ರದ ಸೊಸೆ, ವಿದ್ಯಾನಗರ

ನಮಸ್ಕಾರ. ಮದುವೆಯಾಗಿ ಹುಬ್ಬಳ್ಳಿಗೆ ಬಂದು ಹನ್ನೊಂದು ವರ್ಷ. ನಮ್ಮ ಭಾಷೆಯಲ್ಲೇ ಬರೆದರೆ ನಿಮಗೆ ಗೊತ್ತಾಗುವುದಿಲ್ಲ, ನಿಮ್ಮ ಭಾಷೆ ಬರೆದರೆ ನಮ್ಮನೆಯವರು ನಗುತ್ತಾರೆ. ಪುಸ್ತಕದ ಕನ್ನಡದಲ್ಲೇ ಬರೆಯುತ್ತೇನೆ, ಸುಧಾರಿಸಿಕೊಳ್ಳಿ.

ಮೊದಲು ಒಂದು ತಿದ್ದುಪಡಿ. ನೀವು ಎರಡನ್ನೂ ‘ಕರಾವಳಿ ಮಾತು’ ಅಂತ ಒಂದೇ ಚೀಲಕ್ಕೆ ಹಾಕಿದ್ದೀರಿ. ಕಾಂತಾರ ಚಿತ್ರೀಕರಣವಾದ ಊರು ಕೆರಾಡಿ, ನಮ್ಮ ಕುಂದಾಪುರ ತಾಲೂಕು, ರಿಷಬ್ ಶೆಟ್ಟರ ಹುಟ್ಟೂರು. ಅಲ್ಲಿ ಮನೆ ಮಾತೇ ಕುಂದಾಪ್ರ ಕನ್ನಡ. ಸು ಫ್ರಂ ಸೋ ಅಂದರೆ ಸುಲೋಚನಾ ಫ್ರಂ ಸೋಮೇಶ್ವರ. ಸೋಮೇಶ್ವರ ಇರುವುದು ಮಂಗಳೂರಿನ ಉಳ್ಳಾಲದ ಹತ್ತಿರ. ಆ ಕಡೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಅದರ ರಾಗ ಬೇರೆ. ನನಗೂ ಅದರಲ್ಲಿ ಒಂದೆರಡು ಮಾತು ತಪ್ಪಿ ಹೋಯಿತು.

ಇನ್ನು ನಿಮ್ಮ ದುಃಖ. ಅದು ನಮಗೂ ಇತ್ತು. ನಾನು ಸಣ್ಣವಳಿದ್ದಾಗ ಸಿನಿಮಾದಲ್ಲಿ ನಮ್ಮ ಕಡೆಯವರು ಅಂದರೆ ಹೋಟೆಲ್ ಗಲ್ಲಾದಲ್ಲಿ ಕೂತು ‘ಎಂತದು ಮಾರಾಯ’ ಅನ್ನುವ ಭಟ್ಟರು. ಅಷ್ಟೇ. ಅಪ್ಪಯ್ಯ ಟಿವಿ ಬಂದ್ ಮಾಡಿ ಎದ್ದು ಹೋಗುತ್ತಿದ್ದರು. ಹೇಗೆ ಬದಲಾಯಿತು? ನನಗೆ ಕಂಡದ್ದು ಹೇಳುತ್ತೇನೆ. ಮಂಗಳೂರು ಕಡೆ ತುಳು ನಾಟಕದ ತಂಡಗಳು ಊರೂರಲ್ಲಿ ಇವೆ, ಜನ ದುಡ್ಡು ಕೊಟ್ಟು ನೋಡುತ್ತಾರೆ. ತುಳು ಸಿನಿಮಾ 1971ರಿಂದ ಇದ್ದರೂ 2011ರಲ್ಲಿ ಒರಿಯರ್ದೊರಿ ಅಸಲ್ ಓಡಿದ ಮೇಲೆ ಸಾಲಾಗಿ ಬರಲಿಕ್ಕೆ ಶುರುವಾಯಿತು. ಸು ಫ್ರಂ ಸೋ ನಿರ್ದೇಶಕ ಜೆ.ಪಿ. ತುಮಿನಾಡ್ ಆ ತುಳು ರಂಗಭೂಮಿಯಿಂದಲೇ ಬಂದವರು. ಅದರಲ್ಲಿ ಒಂದೇ ಸೀನಿಗೆ ಬಂದು ಹೋಗುವ ಅಜ್ಜನೂ ಸರಿಯಾದ ಹೊತ್ತಿಗೆ ಸರಿಯಾದ ಮಾತು ಬಿಡುತ್ತಾನಲ್ಲ, ಅದು ಒಂದು ದಿನದ ಆಡಿಷನ್‌ನಲ್ಲಿ ಸಿಗುವುದಲ್ಲ.

ಸಪ್ತಾಪುರ ರೂಮ್ ನಂಬರ್ 4

ಅಕ್ಕಾರ, ನಾಟಕ ನಮಗೇನು ಕಡಿಮಿ ಇಲ್ಲಲ್ರಿ. ಬಾದಾಮಿ ಬನಶಂಕರಿ ಜಾತ್ರ್ಯಾಗ ಹೋಗಿ ನೋಡ್ರಿ, ಸಾಲಾಗಿ ಕಂಪನಿ ಟೆಂಟು ಹಾಕಿರ್ತಾರ, ರಾತ್ರಿಯೆಲ್ಲಾ ನಡೀತಾವ. ಅಲ್ಲಿಂದ ಯಾಕ ಪಿಚ್ಚರ್ ಹುಟ್ಟಲಿಲ್ಲ?

ಪ್ರೊಜೆಕ್ಟರ್ ಕಾಕಾ, ಗದಗ

ಹುಟ್ಟೂ ಹಂಗಿತ್ತು ತಮ್ಮಾ. ಗದಗಿನ್ಯಾಗ ಗರೂಡ ಸದಾಶಿವರಾಯರ ಕಂಪನಿ ಇತ್ತು. ಪಂಚಾಕ್ಷರ ಗವಾಯಿಗಳ ಆಶ್ರಮದ್ದ ಒಂದು ನಾಟಕ ಸಂಘ ಇತ್ತು, ಕಣ್ಣಿಲ್ಲದ ಹುಡುಗೂರು ಪೇಟಿ ಹಿಡದು ಸಂಗೀತ ಕೊಡ್ತಿದ್ರು. ನಮ್ಮಪ್ಪ ಅದರ ಪದ ಹಾಡ್ಕೋತ ಹೊಲಕ್ಕ ಹೋಗ್ತಿದ್ದ. ಈಗಿನ ಜಾತ್ರಿ ಟೆಂಟಿನ್ಯಾಗ ಹೆಣ್ಮಕ್ಕಳ ಕೂಡ ಕುಂಡ್ರಾಕ ಆಗದಂಥಾ ಮಾತು ಜಾಸ್ತಿ ಆಗ್ಯಾವ, ಎಲ್ಲಾ ಅಲ್ಲ, ಭಾಳಷ್ಟು. ಅದ ಮಾತು ಪಿಚ್ಚರಿಗೆ ಹೋಗಿ ‘ಏನಲೇ ಮಗನ’ ಆಗಿ ವಾಪಸ್ ಬಂತು. ಬೆಂಗಳೂರಿನವ್ರ ಮ್ಯಾಲೆ ಅಷ್ಟ ಹಾಕೂದು ಸರಿ ಅಲ್ಲ.

ಇನ್ನೊಂದು ಸಂಗತಿ. ಹಿಂದಿ ಪಿಚ್ಚರ್ ವ್ಯಾಪಾರದ ಲೆಕ್ಕದಾಗ ನಮ್ಮ ಭಾಗ ಮುಂಬೈ ಸರ್ಕೀಟಿನ್ಯಾಗ, ಅಂದ್ರ ಮುಂಬೈ ಹಂಚಿಕೆದಾರರ ಪಾಲಿಗೆ, ಬರ್ತಿತ್ತು. ಹಿಂದಿ ರೀಲಿನ ಡಬ್ಬಿ ಮುಂಬೈ ಲೆಕ್ಕದಾಗ ಬರೂದು, ಕನ್ನಡ ಡಬ್ಬಿ ಬೆಂಗಳೂರು ಗಾಂಧಿನಗರದಿಂದ. ಎಷ್ಟೋ ಕನ್ನಡ ಪ್ರಿಂಟು ದಕ್ಷಿಣದಾಗ ಓಡಿ, ಗೆರಿ ಬಿದ್ದು, ಆಮ್ಯಾಲೆ ನನ್ನ ಕೈಗೆ ಬಂದಾವ. ಸಾವಿರ ಅಡಿ ರೀಲು ಹನ್ನೊಂದು ನಿಮಿಷ ಓಡಬೇಕು. ತುಂಡಾಗಿ ತುಂಡಾಗಿ ಅಂಟಿಸಿ ಒಂಬತ್ತಕ್ಕ ಮುಗದಿದ್ದೂ ಐತಿ. ನಮ್ಮ ಮಂದಿ ಆ ಎರಡು ನಿಮಿಷದ ಕಥಿ ತಾವ ಕಟಗೊಂತಿದ್ರು. ಅರ್ಧ ಮಾತು ತಿಳೀದಿದ್ರೂ ಪಿಚ್ಚರ್ ತಿಳ್ಕೊಳ್ಳೂ ಚಟ ನಮಗ ಅಲ್ಲಿಂದನ ಬಂದೈತಿ ಅಂತ ಕಾಣಸ್ತೈತಿ.

ಉಣಕಲ್ ಕೆರಿ ದಂಡಿ

ಕಾಕಾರ, ನೀವು ಬರದದ್ದು ನಮ್ಮ ಮಾವನವ್ರಿಗೆ ಓದಿ ಹೇಳಿದೆ. ಸೆನ್ಸಾರ್ ಸರ್ಟಿಫಿಕೇಟ್ ಬಂದಾಗ ರೀಲು ಎಷ್ಟು ಅಂತ ನೋಡಿ ಬೆಂಚಿನವ್ರು ಶಿಳ್ಳಿ ಹೊಡಿತಿದ್ರು ಅಂತ ಹೇಳಾಕ ಹಚ್ಯಾರ. ಹದಿನಾರು ಅಂದ್ರ ಪೈಸಾ ವಸೂಲ್ ಅಂತ.

ಬ್ಯಾಡಗಿ ಖಾರ, ಹಾವೇರಿ ಜಿಲ್ಲಾ

ಅಧ್ಯಾಯ 1 ಕದಂಬರ ಕಾಲದ್ದು ಅಂದಾಗ ನಮ್ಮ ಹಾನಗಲ್ ಹುಡುಗೂರು ನಮ್ಮ ಊರಿನ ಸುದ್ದಿ ಬರ್ತೈತಿ ಅಂತ ಕಾದಿದ್ರು. ಹಾನಗಲ್ಲಿನಾಗ ಕದಂಬರದ್ದ ಒಂದು ಶಾಖೆ ಆಳಿತ್ತಲ್ಲ, ತಾರಕೇಶ್ವರ ಗುಡಿ ಐತಿ, ಆ ಮ್ಯಾಲಿನ ಕಮಲದ ಚಾವಣಿ ನೋಡೇ ಇಲ್ಲ ಅಂದ್ರ ಒಂದು ಸಲ ಬರ್ರಿ. ಪಿಚ್ಚರ್ ಪೂರಾ ಕಾಡು, ಬಂದರು. ಮುಗದ ಮ್ಯಾಲೆ ಒಬ್ಬಾಂವ ‘ನಮ್ಮ ಊರು ಇನ್ನೂ ಖಾಲಿ ಐತಿ, ಯಾರರ ತಗೀರಿ’ ಅಂದ.

ಕೊಪ್ಪಿಕರ್ ರಸ್ತೆ, ಹುಬ್ಬಳ್ಳಿ

ಮಾಳಮಡ್ಡಿ ಕಾಕಾರ ಮಾತು ತಲ್ಯಾಗ ಕುಂತೈತಿ. ಪ್ರಶ್ನಿ ತಿದ್ದಿಕೊಂತೇನಿ. ಯಾವ ಊರಾಂವ ಬರದ ಅನ್ನೂದಲ್ಲ, ನಮ್ಮ ಮಾತಿನ್ಯಾಗ ಯಾರಿಗೆ ಅಳಾಕ ಬಿಟ್ಟಾರ ಅನ್ನೂದು. ಕ್ಷೇತ್ರಪತಿ ಮೊಬೈಲ್‌ನ್ಯಾಗ ಹುಡುಕಿ ನೋಡ್ತೇನಿ. ಇಪ್ಪತ್ತೆಂಟು ಮಂದ್ಯಾಗ ಇಪ್ಪತ್ತೊಂಬತ್ತನೇದಾಂವ ತಡಾ ಮಾಡಿ ಬಂದ ಅನ್ಕೊಳ್ರಿ.

ಅವ್ವಗ ಈ ಚರ್ಚೆ ಓದಿ ಹೇಳಿದೆ. ಆಕೀ ತಕರಾರು ಒಂದ. ನಾಲ್ಕು ಸಾಲು ದಾಟಿ ಆ ಚಪ್ಪಲಿ ಹೆಂಗ ಹೋತು? ಯಾರೋ ಒದ್ದಾರ ಅಂತ ಇನ್ನೂ ಸಿಟ್ಟು. ಕಾಕಾರ, ನಿಮಗೇನರ ಗೊತ್ತೈತೇನು?

ಪ್ರೊಜೆಕ್ಟರ್ ಕಾಕಾ, ಗದಗ

ಯಾರೂ ಒದ್ದಿಲ್ಲ ಅಂತ ನಿಮ್ಮವ್ವಗ ಹೇಳ್ರಿ. ಟಾಕೀಜಿನ ನೆಲ ಪರದೆ ಕಡೆ ಇಳಿಜಾರ ಇರ್ತೈತಿ. ಚಪ್ಪಲಿ ಕಳದು ಬಿಟ್ರ ಹಿಂದಿನವ್ರ ಕಾಲು ತಾಗಿ ತಾಗಿ ಕೆಳಗ ಸರೀತಾವ.

1990ರಾಗ ಸಂತ ಶಿಶುನಾಳ ಶರೀಫ ಬಂದಾಗ ಹಿಂಗ ಆಗಿತ್ತು. ಹಳ್ಳಿ ಮಂದಿ ಟ್ರ್ಯಾಕ್ಟರ್ ಮಾಡ್ಕೊಂಡು ಬಂದಿದ್ರು. ಶರೀಫರ ಪದ ಎಲ್ಲಾರಿಗೂ ಬಾಯಾಗ ಇದ್ದುವು, ಪರದೆ ಮ್ಯಾಲೆ ಶ್ರೀಧರ್ ಬಾಯಿ ತಗದ್ರ ಕೆಳಗ ಟಾಕೀಜ ಹಾಡತಿತ್ತು. ನಾ ಮ್ಯಾಲೆ ಕಿಂಡ್ಯಾಗಿಂದ ನೋಡ್ತಿದ್ದೆ. ಶೋ ಬಿಟ್ಟ ಮ್ಯಾಲೆ ಕಸ ಹೊಡಿಯಾಕಿ ಬಂದು ಕರದ್ಲು. ಇಳದು ಹೋಗಿ ನೋಡಿದ್ರ ಪರದೆ ಬುಡಕ ಒಂದು ರಾಶಿ ಚಪ್ಪಲಿ. ಬರಿಗಾಲಿಲೆ ಹೊರಗ ಹೋದವ್ರು ಟ್ರ್ಯಾಕ್ಟರ್ ಹತ್ತೂ ಹೊತ್ತಿಗೆ ನೆನಪಾಗಿ ವಾಪಸ್ ಬಂದ್ರು. ಆಕಿ ಜೋಡಿ ಜೋಡಿ ಹಚ್ಚಿ ಸಾಲಾಗಿ ಇಟ್ಟಿದ್ಲು, ಬಂದವ್ರು ತಮ್ತಮ್ಮು ಆರಿಸಿಕೊಂಡು ಹೋದ್ರು. ಮರುದಿನ ಮ್ಯಾಟ್ನಿತನಕ ಒಂದ ಒಂದು ಎಡಗಾಲಿಂದು ಉಳದಿತ್ತು.